ನಡುಗದ ಕೈಗಳು

ಪಕ್ಕೆಲುಬು ಮುರಿಯುವಾಗ ಅವಳು ನಗುತ್ತಿದ್ದಳು.

ಮುಖ್ಯಸ್ಥರು ವಿಡಿಯೊ ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಅನುಮಾನವೇ ಇಲ್ಲ. ವೇದಿಕೆಯ ಮೇಲೆ ಅಂಗಾತ ಬಿದ್ದಿರುವುದು ತಾವೇ. ಎದೆಯ ಮೇಲೆ ಎರಡೂ ಕೈ ಊರಿ ಒತ್ತುತ್ತಿರುವುದು ನರ್ಸಮ್ಮ. ಅವಳ ತುಟಿಯಂಚಿನಲ್ಲಿ ನಗು.

ನಿಂತ ಹೃದಯವನ್ನು ಮತ್ತೆ ಓಡಿಸುವುದು ಹೇಗೆ ಎಂದು ಸಂಶೋಧನೆ ಮಾಡುವ ಸಂಸ್ಥೆ ಅದು. ಅದರ ಮುಖ್ಯಸ್ಥರ ಹೃದಯ ಅದೇ ವಿಷಯದ ಭಾಷಣದ ನಡುವೆ ನಿಂತುಹೋಗಿತ್ತು. ಭಾಷಣ ಹಿಡಿಯಲು ಇಟ್ಟಿದ್ದ ಕ್ಯಾಮೆರಾ ಮಾತ್ರ ನಿಂತಿರಲಿಲ್ಲ.

"ಸತ್ತು ಎದ್ದು ಬಂದಿದ್ದೀರಿ. ಇನ್ನೂ ಎಷ್ಟು ಸಲ ನೋಡ್ತೀರಿ ಅದನ್ನ?" ಸಂಸ್ಥೆಯದೇ ಆಸ್ಪತ್ರೆಯ ಮಂಚದ ಪಕ್ಕ ಸೇಬು ಹೆಚ್ಚುತ್ತಾ ಹೆಂಡತಿ ಕೇಳಿದಳು.

"ನನ್ನ ಕಂಡರೆ ಇವರಿಗೆಲ್ಲ ಕೈ ನಡುಗುತ್ತೆ ಕಣೇ. ಕಾಫಿ ಲೋಟ ಇಡೋಕೂ ನಡುಗುತ್ತೆ. ಇಲ್ಲಿ ನೋಡು, ಒಬ್ಬರಿಗಾದ್ರೂ ನಡುಗ್ತಿದೆಯಾ?"

"ನಡುಗಿದ್ದಿದ್ರೆ ಈ ಸೇಬು ನಾನೊಬ್ಬಳೇ ತಿನ್ನಬೇಕಿತ್ತು. ಬಾಯಿ ತೆಗೀರಿ."

ಈಚೆಗೆ ಅವಳ ಮಾತು ಮೆತ್ತಗಾಗಿತ್ತು. ಮೊದಲಾದರೆ ಒಂದಕ್ಕೆ ಹತ್ತು ಜಗಳ. ಶನಿವಾರದ ವ್ಯಾಯಾಮದ ಕ್ಲಾಸಿಗೆ ಸೇರಿದ ಮೇಲೆ ಬೆವರು ಒರೆಸಿಕೊಂಡು, ಹಾಡು ಗುನುಗುತ್ತಾ ಮನೆಗೆ ಬರುತ್ತಿದ್ದಳು. ತಲೆದಿಂಬಿನ ಪಕ್ಕ ಇಟ್ಟಿದ್ದ ಅವರ ಕನ್ನಡಕ ಕಳೆದು ಅವರು ಮನೆ ತಲೆಕೆಳಗು ಮಾಡಿದಾಗಲೂ ರೇಗಲಿಲ್ಲ. "ಹಳೇದು ತಾನೇ, ಹೋಗಲಿ ಬಿಡಿ" ಎಂದಿದ್ದಳು.

ಸೇಬು ಮುಗಿಸಿ ಅವಳು ಎದ್ದಳು. "ಕ್ಲಾಸಿಗೆ ಹೊತ್ತಾಯ್ತು. ಯಾರ ಮೇಲೂ ಕೂಗಾಡಬೇಡಿ."

ಅವಳು ಹೋದದ್ದೇ ತಡ, ಮುಖ್ಯಸ್ಥರು ನರ್ಸಮ್ಮನಿಗೆ ಹೇಳಿ ಕಳಿಸಿದರು. ಅವಳು ಬರುವಷ್ಟರಲ್ಲಿ ವಿಡಿಯೊದ ಸದ್ದು ಜೋರು ಮಾಡಿದರು.

"ಬಿಡ್ರೀ, ಈಗ ನನ್ನ ಸರದಿ!" ಯಾರೋ ಯಾರನ್ನೋ ತಳ್ಳುತ್ತಿದ್ದರು. "ಇನ್ನೊಂಚೂರು ಒತ್ತಿ ಬಿಡ್ತೀನಿ, ತಡಿ" ಎನ್ನುತ್ತಿದ್ದಳು ನರ್ಸಮ್ಮ. ಎದೆ ಒತ್ತುವ ಅಭ್ಯಾಸದ ಬೊಂಬೆಗಳನ್ನು ಮಾಡುವ ಬೊಂಬೆಯಣ್ಣ, ಬಾಯಿಗೆ ಹಿಡಿದು ಗಾಳಿ ಒತ್ತುವ ಉಸಿರಿನ ಚೀಲ ಹಿಡಿದು ನುಗ್ಗಿ ಬಂದ. "ಸರೀರಿ, ಸರೀರಿ. ಈ ಬಾಯಿಗೆ ಮುಚ್ಚಳ ಹಾಕೋ ಕೆಲಸ ನಂದು."

ಸಂಸ್ಥೆಯಲ್ಲಿ ಬೆನ್ನ ಹಿಂದೆ ತಮಗೆ 'ಸಿಡಿಲಪ್ಪ' ಎಂಬ ಹೆಸರಿದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಇದು ಹೆಸರಿಡುವುದಕ್ಕಿಂತ ಮುಂದಿನ ಹೆಜ್ಜೆ. ಇದು ಸೇಡು.

ನರ್ಸಮ್ಮ ಬಂದು ಬಾಗಿಲಲ್ಲೇ ನಿಂತಳು.

"ಯಾಕೆ ನಕ್ಕೆ?"

"ಕೈ ತಾನಾಗೇ ಓಡ್ತು ಸರ್. ಅದಕ್ಕೆ ನಗು ಬಂತು."

"ನನ್ನ ಎದೆ ಮೇಲೆ ಕೈ ತಾನಾಗೇ ಓಡುತ್ತಾ?"

"ದಿನಾ ಅಭ್ಯಾಸ ಇದೆಯಲ್ಲ ಸರ್. ಹೊಸ ಬೊಂಬೆ ಮೇಲೆ."

ಹೊಸ ಬೊಂಬೆ ಅವರದೇ ಕೂಸು. ಹಳೆಯ ಬೊಂಬೆಯ ಮುಂದೆ ಕಲಿಯುವವರು ಮಲಗಿದ ಮಗುವನ್ನು ತಟ್ಟುವವರ ಹಾಗೆ ಒತ್ತುತ್ತಿದ್ದರು, ಅರೆಗಳಿಗೆಯಲ್ಲಿ ಸುಸ್ತು. "ನೋಡಿದ ಕೂಡಲೇ ಕೈ ಓಡಬೇಕು, ಅಂಥದ್ದು ಮಾಡು" ಎಂದು ಬೊಂಬೆಯಣ್ಣನ ಮೇಲೆ ಅವರು ಗುಡುಗಿದ್ದರು. ಅಂಥದ್ದೇ ಬಂತು. ಒತ್ತುವ ಆಳ ಏರಿತು, ದಣಿವು ಮಾಯವಾಯಿತು. ಪರದೆಯ ಮೇಲಿನ ಫಲಿತಾಂಶದ ಗೆರೆ ಗುಡ್ಡ ಹತ್ತಿತು. ಗೆರೆ ನೋಡಿ ಅವರು ತೃಪ್ತರಾದರು. ನೆಲಮಾಳಿಗೆಯ ಅಭ್ಯಾಸದ ಕೋಣೆಗೆ ಇಳಿಯಲಿಲ್ಲ. ಎಂದೂ ಇಳಿದವರಲ್ಲ. ಅಂದಿನ ಭಾಷಣದಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದದ್ದೂ ಆ ಬೊಂಬೆಯ ಬಗ್ಗೆಯೇ.

"ಬೊಂಬೆ ಕಥೆ ಬೇಡ. ನಿಜ ಹೇಳು. ಇಲ್ಲದಿದ್ರೆ ಸೋಮವಾರದಿಂದ ಕೆಲಸಕ್ಕೆ ಬರಬೇಡ."

ಅವಳು ಒಂದು ಹೆಜ್ಜೆ ಒಳಗೆ ಬಂದಳು. "ನನಗೆ ಈ ಕೆಲಸ ಬಿಟ್ಟರೆ ಬೇರೆ ಗತಿ ಇಲ್ಲ ಸರ್. ಹೇಳೋಕೆ ಬಾಯಿ ಬರಲ್ಲ. ಬೇಕಾದ್ರೆ ತೋರಿಸ್ತೀನಿ."

ಗಾಲಿಕುರ್ಚಿ ನೆಲಮಾಳಿಗೆಗೆ ಇಳಿಯಿತು. ಬೊಂಬೆಯಣ್ಣ ಬಾಗಿಲಿಗೆ ಅಡ್ಡ ನಿಂತ. "ಸರ್, ಒಳಗೆ ಬಣ್ಣದ ವಾಸನೆ... ನಿಮ್ಮ ಎದೆಗೆ ಒಳ್ಳೇದಲ್ಲ."

"ನನ್ನ ಎದೆ ಚಿಂತೆ ಈಗ ಬಂತಾ ನಿನಗೆ? ಸರಿ ಪಕ್ಕಕ್ಕೆ."

ಮೇಜಿನ ಮೇಲಿನ ಹೊದಿಕೆಯನ್ನು ಅವರೇ ಎಳೆದರು.

ಗಂಟಿಕ್ಕಿದ ಹುಬ್ಬು. ಒಪ್ಪವಾಗಿ ಕತ್ತರಿಸಿದ ಮೀಸೆ. ಈಗಲೋ ಆಗಲೋ ಬೈಯಲು ತೆರೆದಂತಿದ್ದ ಬಾಯಿ. ರಬ್ಬರಿನ ಸಿಡಿಲಪ್ಪ ನಿಜವಾದ ಸಿಡಿಲಪ್ಪನನ್ನು ದುರುಗುಟ್ಟಿ ನೋಡುತ್ತಿದ್ದ. ಒತ್ತಿಸಿಕೊಂಡು ಒತ್ತಿಸಿಕೊಂಡು ಅವನ ಎದೆ ತಗ್ಗಾಗಿತ್ತು.

"ಮೊದಮೊದಲು ಇದನ್ನ ಮುಟ್ಟೋಕೂ ಹೆದರ್ತಿದ್ವಿ ಸರ್," ನರ್ಸಮ್ಮ ನೆಲ ನೋಡುತ್ತಾ ಹೇಳಿದಳು. "ಆಮೇಲೆ ಸರದಿಗೆ ಜಗಳ ಶುರುವಾಯ್ತು. ಅವತ್ತು ನೀವು ಬಿದ್ದಾಗ, ಈ ಮುಖದ ಭಯ ನಮಗೆ ಯಾವಾಗಲೋ ಹೋಗಿತ್ತು."

ಮುಖ್ಯಸ್ಥರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಒಳಗೆ ಬಡಿತ ಇತ್ತು.

"ನನ್ನ ಮೂಗು ಇಷ್ಟು ದಪ್ಪ ಇದೆಯೇನಯ್ಯಾ?"

"ಸೋಮವಾರ ಕೆರೆದು ತೆಳ್ಳಗೆ ಮಾಡ್ತೀನಿ ಸರ್," ಎಂದ ಬೊಂಬೆಯಣ್ಣ.

"ಸರ್, ಸೋಮವಾರ ನಾನು...?" ನರ್ಸಮ್ಮ ಕೇಳಿದಳು.

"ಬಾ. ಈ ರಬ್ಬರಿನವನನ್ನ ಒತ್ತದೆ ಬಿಟ್ಟರೆ ನನಗೇ ಅಪಾಯ."

ಹೊದಿಕೆ ಮತ್ತೆ ಎಳೆಯಲು ಹೋದವರ ಕೈ ತಡೆಯಿತು. ಬೊಂಬೆಯ ದಪ್ಪ ಮೂಗಿನ ಮೇಲೆ, ಅವರ ತಲೆದಿಂಬಿನ ಪಕ್ಕದಿಂದ ಮಾಯವಾಗಿದ್ದ ಕನ್ನಡಕ ಕುಳಿತಿತ್ತು.

"ರೀ, ಸ್ವಲ್ಪ ಆ ಕಡೆ ಸರೀರಿ," ವ್ಯಾಯಾಮದ ಬಟ್ಟೆ ತೊಟ್ಟು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೇಳಿದಳು, "ನನ್ನ ಕ್ಲಾಸಿಗೆ ಹೊತ್ತಾಯ್ತು."