ಎಡಗೈಯ ಪವಾಡ

ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿಯಿದ್ದ ಮೇದಿನಿಗೆ ದಿನಕ್ಕೊಂದು ಗಂಟೆ ಆಸ್ಪತ್ರೆಯ ಆಕ್ಸಿಜನ್ ಚೇಂಬರಿನಲ್ಲಿ ಚಿಕಿತ್ಸೆ. ಗಾಳಿಯ ಒತ್ತಡ ಏರಿಸುವ ಆ ಗಾಜಿನ ಕೊಳವೆಯೊಳಗೆ ಅಮ್ಮನೂ ಜೊತೆಗೆ ಮಲಗಬೇಕು. ಮೊಬೈಲು ಒಯ್ಯುವಂತಿಲ್ಲ. "ಚಕ್ಕುಲಿ ಡಬ್ಬಕ್ಕೆ ಮತ್ತೆ ಇಲಿ ನುಗ್ಗಿದೆ ಕಣೇ!" ಎಂಬ ಅಜ್ಜಿಯ ಕೂಗೂ ಅಲ್ಲಿಗೆ ಮುಟ್ಟುವುದಿಲ್ಲ. ಬಾಗಿಲು ಮುಚ್ಚಿದ ಐದೇ ನಿಮಿಷಕ್ಕೆ ಅಮ್ಮ ಗೊರಕೆ ಹೊಡೆಯುತ್ತಿದ್ದಳು. ಅವಳು ಮನೆಯಲ್ಲಿ ಹೀಗೆ ಮೈಮರೆತು ಮಲಗಿದ್ದನ್ನು ಮೇದಿನಿ ತನ್ನ ಹತ್ತು ವರ್ಷದಲ್ಲಿ ಕಂಡಿರಲಿಲ್ಲ.

ನಲವತ್ತನೆಯ ದಿನ ಡಾಕ್ಟರು ಹುಡುಗಿಯ ಕೈಕಾಲು ಮಡಚಿ, ಬಿಡಿಸಿ ನೋಡಿದರು. "ಏನೂ ವ್ಯತ್ಯಾಸ ಇಲ್ಲಮ್ಮ. ಇಲ್ಲಿಗೆ ಸಾಕು ಮಾಡೋಣ."

ಅಮ್ಮನ ಮುಖ ಬಾಡಿತು.

ಮೇದಿನಿ ಹಲ್ಲು ಕಚ್ಚಿ ಎಡಗೈಯನ್ನು ನಿಧಾನಕ್ಕೆ ಎತ್ತಿ, ಡಾಕ್ಟರ ಕನ್ನಡಕವನ್ನೇ ಕಿತ್ತುಕೊಂಡಳು.

"ಅರೆ, ಶಹಬ್ಬಾಸ್!" ಡಾಕ್ಟರು ಕುಣಿಯುವುದೊಂದು ಬಾಕಿ. "ಇನ್ನೂ ಇಪ್ಪತ್ತು ದಿನ ಬನ್ನಿ!"

ವೀಲ್‌ಚೇರ್ ತಳ್ಳಿಕೊಂಡು ಹೊರಬಂದ ಅಮ್ಮ ಕಣ್ಣೊರೆಸಿಕೊಂಡಳು. "ನಿನ್ನೆವರೆಗೂ ಇರ್ಲಿಲ್ವಲ್ಲೇ ಪುಟ್ಟಿ, ಯಾವಾಗ ಬಂತು ಕೈಗೆ ಈ ಶಕ್ತಿ?"

ಮೇದಿನಿ ತೊದಲುತ್ತ ಒಂದೊಂದೇ ಮಾತು ಕೂಡಿಸಿದಳು. "ಹೋದ ವರ್ಷದ ದೀಪಾವಳೀಲಿ. ಆ ಚಕ್ಕುಲಿ ಇಲಿ ನಾನೇ. ನೀನು ಸುಮ್ನೆ ನಾಳೆ ಬಂದು ಮಲಕ್ಕೋ."