ಅತ್ತೆಯ ಬಸ್ಕಿ

“ಏಳಿ ಅತ್ತೆ... ನಾಲ್ಕು. ಕೂತ್ಕಳಿ. ಏಳಿ... ಐದು. ಅಯ್ಯೋ, ಕೈ ಊರ್ಬ್ಯಾಡಿ ಅಂದ್ರೆ ಕೇಳಲ್ವಲ್ಲ ನೀವು!”

ರಾಣಿ ಜಗಲಿಯ ಮೇಲೆ ಕೂತು ಹೀಗೆ ಗದರುತ್ತಿದ್ದಾಗಲೇ ಗೇಟು ದಡಾರನೆ ತೆರೆದುಕೊಂಡಿತು. ಬಂದವಳು ಗಂಡನ ಅಕ್ಕ ಶಶಿ! ಗೆಂಡೆಹಳ್ಳಿಯಿಂದ ಬೇಲೂರು, ಬೇಲೂರಿನಿಂದ ಹಳೇಬೀಡು, ಅಲ್ಲಿಂದ ಬಾಣಾವರ ಅಂತ ಮೂರು ಬಸ್ಸು ಹತ್ತಿಳಿದು, ಏದುಸಿರು ಬಿಡುತ್ತ ಬಂದವಳ ಕಣ್ಣಿಗೆ ಬಿದ್ದದ್ದಾದರೂ ಏನು? ಎಪ್ಪತ್ತು ದಾಟಿದ ಹೆತ್ತತಾಯಿ ಗಿರಿಯಮ್ಮ ಅಂಗಳದಲ್ಲಿ ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಸೊಸೆಯಾದವಳು ಜಗಲಿಯಿಂದ ಕಾಲು ಇಳಿಬಿಟ್ಟುಕೊಂಡು ಎಣಿಸುವುದು.

“ಮಾರಮ್ಮ ಫೋನ್ ಮಾಡ್ದಾಗ ನಾನು ನಂಬ್ಲಿಲ್ಲ ಕಣೇ ರಾಣಿ! ‘ನಿನ್ ತಮ್ಮನ ಹೆಂಡ್ತಿ ಅತ್ತೆ ಕೈಲಿ ಬಸ್ಕಿ ಹೊಡೆಸ್ತಾವ್ಳೆ, ಬೆಳಿಗ್ಗೆ ಹತ್ತು, ಸಾಯಂಕಾಲ ಹತ್ತು’ ಅಂದ್ಲು. ಈಗ ಕಣ್ಣಾರೆ ಕಂಡಂಗಾಯ್ತು.”

ಪಕ್ಕದ ಮನೆಯ ಮಾರಮ್ಮ ಎಸ್‌ಟಿಡಿ ಬೂತಿಗೆ ನಡೆದುಕೊಂಡು ಹೋಗಿ ಈ ಪುಣ್ಯದ ಕೆಲಸ ಮಾಡಿ ಬಂದಿದ್ದಳು. ಮಾರಮ್ಮನದೂ ಪೂರಾ ತಪ್ಪಲ್ಲ ಅನ್ನಿ. ಗೋಡೆಯಾಚೆಯಿಂದ ನೋಡಿದರೆ ಕುರ್ಚಿ ಕಾಣುತ್ತಿರಲಿಲ್ಲ. ಗಿರಿಯಮ್ಮನ ತಲೆ ಮೇಲೆ ಬರುವುದು, ಕೆಳಗೆ ಹೋಗುವುದು, ಜೊತೆಗೆ ರಾಣಿಯ ಎಣಿಕೆ, ಇಷ್ಟೇ. ಇಸ್ಕೂಲಿನಲ್ಲಿ ಮೇಷ್ಟ್ರು ಹೊಡೆಸುವ ಬಸ್ಕಿಗೂ ಇದಕ್ಕೂ ಏನು ವ್ಯತ್ಯಾಸ?

ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದಿದ್ದ ಅತ್ತೆಯನ್ನು ರಾಣಿಯೇ ಪ್ರತಿ ಸೋಮವಾರ ರೈಲಿನಲ್ಲಿ ಅರಸೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವಯಸ್ಸಾದವರು ಬೀಳದಂತೆ ಇರುವುದು ಹೇಗೆಂಬ ಆರು ವಾರದ ಕೋರ್ಸು ಮುಗಿಸಿಕೊಂಡು ಬಂದಿದ್ದಳು. ‘ಕೋರ್ಸು ಮುಗೀತು ಅಂತ ಮೂಲೆ ಹಿಡಿದರೆ ಕಾಲಿನ ಶಕ್ತಿ ಮತ್ತೆ ಹೋಗುತ್ತೆ, ಈ ವ್ಯಾಯಾಮ ದಿನಾ ಯಾರಾದರೂ ನಿಂತು ಮಾಡಿಸಿ’ ಎಂದು ಅಲ್ಲಿನ ಮೇಡಂ ಹೇಳಿಕಳಿಸಿದ್ದರು. ನಿಂತು ಮಾಡಿಸದಿದ್ದರೆ ಅದು ಆಗುತ್ತಲೂ ಇರಲಿಲ್ಲ. ಗಿರಿಯಮ್ಮನನ್ನೇ ಎಣಿಸಲು ಬಿಟ್ಟರೆ ಎರಡಾದ ಮೇಲೆ ಸೀದಾ ಏಳು ಬರುತ್ತಿತ್ತು. ಅತ್ತೆ ಬಿದ್ದಾಗ ‘ಸೊಸೆ ನೋಡ್ಕೊಳ್ಳಲಿಲ್ಲ’ ಅಂದ ಬೀದಿಯೇ ಈಗ ಅತ್ತೆ ಎದ್ದರೆ ‘ಸೊಸೆ ಏಳಿಸ್ತಾಳೆ’ ಅನ್ನುತ್ತಿತ್ತು. ಯಾವ ಕಡೆಗೆ ಹೋದರೂ ಕೆಟ್ಟ ಹೆಸರು ರಾಣಿಗೇ.

“ಹಂಗಲ್ಲ ಅಕ್ಕಾ, ಅದು ಕೋರ್ಸಲ್ಲಿ...”

“ನೀನೇನೂ ಹೇಳ್ಬ್ಯಾಡ. ಅವ್ವಾ, ಸೀರೆ ಗಂಟು ಕಟ್ಟು, ನಡಿ. ನಮ್ಮನೇಲಿ ನೀನು ಹಾಸ್ಗೆ ಬಿಟ್ಟು ಏಳೋ ಹಂಗೇ ಇಲ್ಲ. ಕೂತಲ್ಗೆ ಕಾಫಿ, ಕೂತಲ್ಗೆ ಮುದ್ದೆ.”

ಹೋದರೆ ಹೋಗಲಿ, ಬೀದಿಯ ಬಾಯಾದರೂ ಮುಚ್ಚುತ್ತದೆ ಅಂತ ರಾಣಿಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಕೂತಲ್ಲಿಗೆ ಕಾಫಿ ಕುಡಿಯುತ್ತ ಅತ್ತೆ ಒಂದು ತಿಂಗಳು ಕಳೆದರೆ ಆ ಕಾಲುಗಳು ಮತ್ತೆ ನೆಲದ ಮೇಲೆ ನಿಂತಾವೇ?

“ನಾನೆಲ್ಲಿಗೂ ಬರಾಕಿಲ್ಲ” ಎಂದಳು ಗಿರಿಯಮ್ಮ. “ನಾನು ಬಿದ್ಕಂಡಿದ್ದಾಗ ನನ್ ಹೇಲು ಉಚ್ಚೆ ಬಾಚಿದ್ದು ಯಾರೇ? ಮಾರಮ್ಮನಾ? ಇಲ್ಲ ನೀನಾ? ಇವ್ಳು ಕಣೇ! ಒಂದಿನ ಮುಖ ಸಿಂಡರಿಸ್ಲಿಲ್ಲ. ಇನ್ನೊಂದ್ಸಲ ಇವ್ಳ ಕೈಲಿ ಅದ್ನ ಮಾಡಿಸೋ ಬದ್ಲು ದಿನಾ ನೂರು ಬಸ್ಕಿ ಹೊಡಿಯಾಕೂ ನಾನು ತಯಾರು.”

ರಾಣಿ ಅಳು ತಡೆಯಲಾಗದೆ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಅತ್ತೆ ಇಷ್ಟನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಆದ್ರೂ ಈ ವಯಸ್ನಲ್ಲಿ...” ಶಶಿ ಮೆಲ್ಲಗೆ ರಾಗ ಎಳೆದಳು.

“ನನ್ ವಯಸ್ಸು ಬುಡು. ನಿಂಗೆ ಐವತ್ತಲ್ವಾ? ಬಾ ಇಲ್ಲಿ, ಕೂತ್ಕ. ಕೈ ಕಟ್ಕಂಡು ಎದ್ದೇಳು ನೋಡಾನ.”

ಇದೇನು ಮಹಾ ಅಂತ ಶಶಿ ಸೆರಗು ಸಿಕ್ಕಿಸಿ ಕೂತಳು. ಎದ್ದಳು. ಮೂರರವರೆಗೂ ಭರ್ಜರಿಯಾಗಿಯೇ ಹೋಯಿತು. ನಾಲ್ಕಕ್ಕೆ “ಉಸ್ಸಪ್ಪಾ” ಅಂದಳು. ಆರಕ್ಕೆ ಅರ್ಧ ಎದ್ದವಳು ಧೊಪ್ಪನೆ ವಾಪಸ್ಸು ಕುರ್ಚಿಗೆ ಬಿದ್ದಳು.

“ಅವ್ವಾ... ಮಂಡಿ!”

“ಹೂಂ, ಮಂಡಿ! ನನ್ ಲೆಕ್ಕದಲ್ಲಿ ಇನ್ನೂ ಐದವೆ, ಎದ್ದೇಳು” ಎಂದು ಗಿರಿಯಮ್ಮ ಕಂಬ ಹಿಡಿದುಕೊಂಡು ನಕ್ಕಳು. ಶಶಿ ಹಲ್ಲು ಕಚ್ಚಿಕೊಂಡು ಮತ್ತೆ ಎದ್ದಳು.

ಆಗ ಗೋಡೆಯ ಮೇಲೆ ಮಾರಮ್ಮನ ತಲೆ ಮೂಡಿತು. ಶಶಿಯ ತಲೆ ಮೇಲೆ ಬರುವುದನ್ನೂ ಕೆಳಗೆ ಹೋಗುವುದನ್ನೂ ನೋಡಿ ಅವಳ ಕಣ್ಣು ಇಷ್ಟಗಲವಾದವು.

“ಅಯ್ಯೋ ನಮ್ಮಪ್ಪನೇ! ಅತ್ತೇದಾಯ್ತು, ಈಗ ಅತ್ತೆ ಮಗ್ಳಿಗೂವಾ!”

ಬೇರೆ ದಿನವಾಗಿದ್ದರೆ ರಾಣಿ ಮುಖ ಮುಚ್ಚಿಕೊಂಡು ಒಳಗೋಡುತ್ತಿದ್ದಳು. ಇವತ್ತೂ ಒಳಗೆ ಹೋದಳು. ಹೋದವಳು ಇನ್ನೊಂದು ಕುರ್ಚಿ ಎತ್ತಿಕೊಂಡು ಬಂದು ಅಂಗಳದಲ್ಲಿ ಹಾಕಿ, ಗೋಡೆಯ ಕಡೆ ತಿರುಗಿದಳು.

“ಎಷ್ಟೊತ್ತು ಅಂತ ಅಲ್ಲೇ ನಿಂತಿರ್ತೀರಾ ಮಾರಮ್ಮಕ್ಕಾ? ಬನ್ನಿ, ಕೂತ್ಕಳಿ. ನಿಮ್ದೂ ನಾನೇ ಎಣಿಸ್ತೀನಿ.”