ಅರ್ಧ ಗೀಟು

ಮೂರನೇ ಲೆನ್ಸ್ ಹಾಕಿದರೂ ವಾಚಿನಿಂದ ಬಿಚ್ಚಿದ ಹಿಂಬದಿ ಮುಚ್ಚಳ ಸತ್ತ ಮೀನಿನ ಕಣ್ಣಿನಂತೆ ಮಂಕಾಗಿಯೇ ಬಂತು. ಫೋಟೊಗ್ರಾಫರ್ ಕ್ಯಾಮೆರಾಕ್ಕೆ ಹಿಡಿಶಾಪ ಹಾಕಿದಳು. ಎಂದೋ ಬಾಗಿಲು ಮುಚ್ಚಿದ ಗಡಿಯಾರ ಕಾರ್ಖಾನೆಯ ಮಾಲೀಕರು ತಮ್ಮ ವೈಭವದ ಪುಸ್ತಕಕ್ಕೆಂದು ಕಳಿಸಿದ ವಾಚು ಅದು. ಜೊತೆಗೊಂದು ಚೀಟಿ: ‘ಮುಚ್ಚಳದ ಒಳಮೈ ಕನ್ನಡಿಯಂತಿರಲಿ. ನಮ್ಮ ಮುದ್ರೆ ಮಾತ್ರ ಕಾಣಲಿ.’

“ನಾಳೆ ಇನ್ನೂ ದೊಡ್ಡ ಲೆನ್ಸ್ ತರ್ತೀನಿ ದೊಡ್ಡಮ್ಮ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.” ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದ ದೊಡ್ಡಮ್ಮ ನಕ್ಕಳು. ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ವಾಚು ಜೋಡಿಸಿದ ಕೈ ಅವಳದು. “ಎದುರಿಗೆ ನಿಂತು ಮುಖಕ್ಕೆ ಬೆಳಕು ಹೊಡೆದ್ರೆ ಯಾರು ತಾನೇ ನಿಜ ಹೇಳ್ತಾರೆ? ಆ ದೊಡ್ಡ ದೀಪ ಆರಿಸು. ಟಾರ್ಚ್ ತಗೋ. ಪಕ್ಕದಿಂದ ಬಿಡು. ಇನ್ನೂ ಕೆಳಗೆ, ಮೇಜಿಗೆ ಕೆನ್ನೆ ತಾಗೋ ಹಾಗೆ.”

ಕ್ಯಾಮೆರಾದ ಪರದೆಯ ಮೇಲೆ ಮುದ್ರೆಯ ಕೆಳಗೆ ಸಾಲಾಗಿ ಆರು ಗೀಟುಗಳು ಎದ್ದು ನಿಂತವು.

“ಥೂ, ಬರೀ ಗೀರು!”

“ಗೀರಲ್ಲ ಕಣೇ ಅದು, ನಾವು.” ದೊಡ್ಡಮ್ಮ ಎದ್ದು ಬಂದಳು. “ಮುದ್ರೆ ಕಂಪನೀದು, ಕೈ ನಮ್ದು. ಒಂದು ಬೆಂಚು, ಆರು ಜನ. ಮುಚ್ಚಳ ಹಾಕೋ ಮುಂಚೆ ಸೂಜೀಲಿ ಒಂದೊಂದು ಗೀಟು. ಇವಳು ಹಾಡುಗಾತಿ, ಮೇಸ್ತ್ರಿ ಬೈದಷ್ಟೂ ಜೋರಾಗಿ ಹಾಡೋಳು. ಇದು ನಾನು. ಆ ಕಡೆ ವಾಲಿರೋದು ಎಡಚಿ.”

“ಎಡಚೀದು ಅರ್ಧಕ್ಕೇ ನಿಂತಿದೆಯಲ್ಲ?”

ದೊಡ್ಡಮ್ಮನ ನಗು ಇಳಿಯಿತು. “ಹಾಗಾದ್ರೆ ಇದು ಆ ದಿನದ್ದೇ. ಹೊಸ ಮೆಷಿನ್ ತಂದ್ರು, ಅದಕ್ಕೆ ಅಂತ ನಮ್ಮ ತಲೆ ಮೇಲಿನ ದೀಪ ಕಿತ್ಕೊಂಡು ಹೋದ್ರು. ‘ಕಣ್ಣು ಹೋಗ್ತಿದೆ ಸ್ವಾಮಿ, ಮೆಷಿನ್ ಇಟ್ಕೊಳ್ಳಿ, ದೀಪ ಕೊಡಿ’ ಅಂದಿದ್ಲು ಎಡಚಿ. ಗೀಟು ಎಳೀತಿರೋವಾಗ್ಲೇ ಆಫೀಸಿಗೆ ಕರೆದ್ರು. ಅಲ್ಲಿಂದಲೇ ಕೆಲಸ ಬಿಡಿಸಿ ಕಳಿಸಿದ್ರು, ಬೆಂಚಿಗೆ ವಾಪಸ್ ಬರಲಿಲ್ಲ. ಅವಳ ಊಟದ ಡಬ್ಬಿ ನಾವೇ ತೊಳೆದಿಟ್ವಿ.”

ಫೋನು ಹೊಡೆದುಕೊಂಡಿತು. ಮಾಲೀಕರ ಕಡೆಯವನು. “ಒಳಗೆ ಗೀರು ಇದ್ರೆ ಬೆಳಕಲ್ಲೇ ಮುಚ್ಚಿಬಿಡಿ ಮೇಡಂ. ಚೆನ್ನಾಗಿ ಬಂದ್ರೆ ಇಡೀ ಪುಸ್ತಕ ನಿಮಗೇ.”

ದೊಡ್ಡ ದೀಪದ ಸ್ವಿಚ್ಚು ಫೋಟೊಗ್ರಾಫರ್ ಹುಡುಗಿಯ ಬೆರಳಿನಡಿಯೇ ಇತ್ತು. ಒಮ್ಮೆ ಒತ್ತಿದರೆ ಆರೂ ಜನ ಮಾಯ.

“ಮುಚ್ಚೋ ಬೆಳಕು ನನ್ನ ಹತ್ರ ಇಲ್ಲ ಸಾರ್. ಬೇರೆಯವರನ್ನ ನೋಡ್ಕೊಳ್ಳಿ,” ಎಂದು ಫೋನಿಟ್ಟಳು. “ಟಾರ್ಚ್ ನೀನೇ ಹಿಡಿ ದೊಡ್ಡಮ್ಮ.”

ದೊಡ್ಡಮ್ಮ ಅರ್ಧ ಗೀಟಿನ ಬುಡಕ್ಕೆ ಬೆಳಕು ತಂದು, ಮೆಲ್ಲನೆ ತಗ್ಗಿಸಿದಳು. ಸೂಜಿ ತಡೆದು ನಿಂತ ಜಾಗದಲ್ಲಿ ಲೋಹ ಕೂದಲೆಳೆಯಷ್ಟು ಉಬ್ಬಿತ್ತು. ಆ ಉಬ್ಬಿನ ನೆರಳು ಬೆಳೆಯಿತು, ನೇರ ಮುಂದಕ್ಕೆ ಹರಿಯಿತು, ಉಳಿದ ಐದರ ಸಮಕ್ಕೆ ಬಂದು ನಿಂತಿತು.

“ಅಲ್ಲಾಡಬೇಡ,” ಎಂದಳು ಹುಡುಗಿ.

“ನಾನೆಲ್ಲಿ ಅಲ್ಲಾಡ್ತಿದೀನಿ,” ಎಂದಳು ದೊಡ್ಡಮ್ಮ. “ತೆಗಿ.”